ಹಗ್ಗದ ಈಚೆ

ಹಸಿರಲ್ಲ ಇದು, ಹಸಿರೆಂದರೆ ಕಬ್ಬಿನ ಸುಳಿ, ಗಿಳಿಯ ರೆಕ್ಕೆ, ಇದು ಮೈಲುತುತ್ತದ ಬಣ್ಣ, ಅಥಣಿ ಕಡೆ ದ್ರಾಕ್ಷಿ ಬಳ್ಳಿಗೆ ಹೊಡೆಯುವ ಔಷಧದ ಬಣ್ಣ, ಬೂಟಿನ ಅಡಿಯ ಗೆರೆಗಳೊಳಗೆ ಹೊಕ್ಕು ಕೂತುಬಿಟ್ಟಿದೆ, ತಿಕ್ಕಿದಷ್ಟೂ ನೊರೆ ಬರುತ್ತದೆ, ಬಣ್ಣ ಬಿಡುವುದಿಲ್ಲ — ಇನ್ನೊಂದ ಕಾಲ ಎತ್ತ ಅಕ್ಕುತಾಯಿ, ಎಂದು ಗೌರಾಬಾಯಿ ಬ್ರಶ್ಶನ್ನು ಸಾಬೂನು ನೀರಿನ ಟಬ್ಬಿಗೆ ಅದ್ದಿ ಮತ್ತೆ ಬಗ್ಗಿದಳು, ಬಗ್ಗಿದರೆ ಎದೆಯೊಳಗೆ ಎಣ್ಣೆ ಕಾಣದ ಕೀಲಿನಂಥ ಸದ್ದು, ಅದು ಯಾರಿಗೂ ಕೇಳಿಸದಿರಲೆಂದು ಬೇಕೆಂದೇ ಜೋರಾಗಿ ಕೆಮ್ಮಿದಳು. ಅಕ್ಕುತಾಯಿ ಮಗ್ಗುಲ ಮನೆಯವಳು, ವಯಸ್ಸಿನಲ್ಲಿ ತನಗಿಂತ ದೊಡ್ಡವಳು, ಮೊಣಕಾಲು ನೋವಿನವಳು, ಅವಳನ್ನೂ ಒಳಗೆ ಬಿಟ್ಟಿದ್ದಾರೆ, ತನ್ನನ್ನು ಬಿಟ್ಟಿಲ್ಲ. ನೀಲಿ ತಾಡಪತ್ರಿ, ಅದರ ಮೇಲೆ ಸಾಲಾಗಿ ಟಬ್ಬುಗಳು, ಕೈಯಲ್ಲೊಂದು ಬ್ರಶ್ಶು, ಇಷ್ಟೇ ತನ್ನ ಪಾಲಿಗೆ ಬಂದದ್ದು. ತಾಡಪತ್ರಿಯ ಆಚೆ ಹಳದಿ ಹಗ್ಗ, ಹಗ್ಗದ ಆಚೆ ಆ ಕೆಟ್ಟ ಹೊಲ, ಹೊಲದಲ್ಲಿ ಬಿಳಿ ಸೂಟು ತೊಟ್ಟ ಊರ ಹೆಂಗಸರು — ನೆತ್ತಿಯಿಂದ ಹಿಮ್ಮಡಿಯವರೆಗೆ ಬಿಳಿ, ಮುಖಕ್ಕೆ ಗಾಜಿನ ಮಾಸ್ಕು, ಯಾರು ಯಾರೆಂದು ಹೆತ್ತವರಿಗೂ ತಿಳಿಯಬಾರದು, ಆದರೆ ತಿಳಿಯುತ್ತದೆ, ಬದುವಿನ ಹತ್ತಿರ ಕೈ ಎತ್ತಿ ಉಳಿದವರನ್ನೆಲ್ಲ ನಿಲ್ಲಿಸುತ್ತಿರುವವಳು ಶೀತಲ, ಮಗಳು, ಆ ನಡಿಗೆ ಗೌರಾಬಾಯಿಗೆ ಗೊತ್ತು, ಅದು ತನ್ನದೇ ನಡಿಗೆ, ಹರೆಯದಲ್ಲಿ ನಿಪ್ಪಾಣಿಯ ತಂಬಾಕಿನ ವಖಾರಿಗೆ ಹೋಗುವಾಗ ಉಳಿದ ಹೆಂಗಸರನ್ನು ಹಿಂದೆ ಹಾಕಿ ಬೀಸಿ ಬೀಸಿ ನಡೆಯುತ್ತಿದ್ದ ನಡಿಗೆ, ಎಲ್ಲೋ ಕಳೆದುಹೋಯಿತೆಂದು ಅಂದುಕೊಂಡಿದ್ದಳು, ನೋಡಿದರೆ ಮಗಳ ಕಾಲಿಗೆ ಹೋಗಿ ಸೇರಿದೆ, ಕೇಳದೇ ಟ್ರಂಕಿನಿಂದ ತೆಗೆದು ಉಟ್ಟುಕೊಂಡ ಸೀರೆಯ ಹಾಗೆ.

ಈ ಹೊಲ ಮೊದಲು ಹೀಗಿರಲಿಲ್ಲ. ಜೋಳ ಬೆಳೆಯುತ್ತಿತ್ತು, ಶೀತಲ ಹಾಲು ಕುಡಿಯುವ ಕೂಸಾಗಿದ್ದಾಗ ತಾನು ಇಲ್ಲಿಗೇ ಕಳೆ ತೆಗೆಯಲು ಬರುತ್ತಿದ್ದಳು, ಆಮೇಲೆ ಹಳ್ಳದ ದಂಡೆಗೆ ತಗಡಿನ ಶೆಡ್ಡು ಬಂತು, ಬೆಳ್ಳಿಯ ಗೆಜ್ಜೆ ಕಾಲುಂಗುರಗಳಿಗೆ ಹೊಳಪು ಕೊಡುವ ಕೆಲಸ, ಆಸಿಡ್ಡಿನಲ್ಲಿ ಅದ್ದಿ ತೆಗೆದ ನೀರನ್ನು ವರ್ಷಗಟ್ಟಲೆ ಹೊಲಕ್ಕೇ ಬಿಟ್ಟರು, ಮಾಲಕ ಒಂದು ದಿನ ಬೀಗ ಹಾಕಿಕೊಂಡು ಹೋದವನು ತಿರುಗಿ ಬರಲಿಲ್ಲ, ಜೋಳದ ಬದಲು ಈ ಬಣ್ಣ ಮೇಲೆದ್ದಿತು, ಬಾವಿಯ ನೀರು ಬಾಯಿಗಿಟ್ಟರೆ ಹಳೆಯ ಪೈಸೆ ನೆಕ್ಕಿದ ರುಚಿ. ಇಂಥ ನೆಲವನ್ನು ಮತ್ತೆ ನೆಲ ಮಾಡುವುದು ಹೇಗೆಂದು ಒಂದು ಸಂಸ್ಥೆಯವರು ಊರಿನವರಿಗೇ ಕಲಿಸುತ್ತಾರಂತೆ, ಕಲಿತವರಿಗೆ ಅದೇ ಕೆಲಸ ಕೊಡುತ್ತಾರಂತೆ, ಕಲಿಯಲು ಯಾರು ಬೇಕಾದರೂ ಬರಬಹುದು, ಕೆಲಸ ಮಾತ್ರ ಮನೆಗೊಬ್ಬರಿಗೆ — ಈ ಸುದ್ದಿ ಪಂಚಾಯತಿಗೆ ಬಂದಾಗ ಮೊದಲು ಓಡಿದವಳು ಯಾರು, ಶೀತಲಳೇನು, ಅಲ್ಲ, ತಾನು, ಹಿಟ್ಟು ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಓಡಿದವಳು ತಾನು. ಅವಳು ಡಿಗ್ರಿ ಮುಗಿಸಿಕೊಂಡು ಬಂದು ಮನೆಯಲ್ಲಿ ಮೊಬೈಲು ಹಿಡಿದು ಬಿದ್ದುಕೊಂಡಿದ್ದಳು, ಮಣ್ಣ ಬಳ್ಯಾಕ ತರಬೇತಿ ಯಾಕ ಬೇಕವ್ವಾ ಅಂದಳು, ಮುಖ ಕೂಡ ಎತ್ತಲಿಲ್ಲ. ಬಾ ಶೀತಲಾ, ಸಣ್ಣ ಅಕ್ಷರ ನಂಗ ಕಾಣೂದಿಲ್ಲ, ಒಂದ ದಿನ ಕೂಡ್ರು, ಓದಿ ಹೇಳು, ಆಮ್ಯಾಲ ಬೇಕಾದ್ರ ಮನಿಗೆ ಹೋಗು ಅಂತ ಬೇಡಿ ಕರೆದುಕೊಂಡು ಹೋದವಳೂ ತಾನೇ, ತನ್ನ ಬಾಯಿಂದಲೇ ಕರೆದದ್ದು, ತನ್ನ ಕೈಯಿಂದಲೇ ಮಗ್ಗುಲಲ್ಲಿ ಕೂರಿಸಿಕೊಂಡದ್ದು.

ಮೊದಲ ವಾರ ಎಷ್ಟು ಚೆಂದಿತ್ತು. ಅಪೂರ್ವ ಮೇಡಂ, ಕಾಗವಾಡ ಕಡೆಯ ಜೈನರ ಹುಡುಗಿ, ಮಣ್ಣಿನದೇ ಓದು ಓದಿದವಳು, ಕಲಿಸುವಾಗ ಹುಬ್ಬು ಗಂಟು ಹಾಕುವವಳು, ಮಣ್ಣಿನ ಮಾದರಿ ತೆಗೆಯುವ ತಿರುಪಿನ ಕೋಲು ಹಿಡಿದು ಇದಕ್ಕ ಗಿರಮಿಟ್ ಅಂತೀವ್ರಿ ಅಂದಾಗ ಹೆಂಗಸರೆಲ್ಲ ನಕ್ಕರು, ಅವರಿಗೆ ಗಿರಮಿಟ್ ಎಂದರೆ ತಿನ್ನುವ ಚುರುಮುರಿ, ಹಂಗಾರ ಮಿರ್ಚಿ ಭಜಿ ಎಲ್ಲೈತ್ರಿ ಮೇಡಂ ಎಂದಳು ಅಕ್ಕುತಾಯಿ, ಮೇಡಂ ಕೂಡ ನಕ್ಕಳು. ಗಾಳಿ ಯಾವ ಕಡೆಯಿಂದ ಬೀಸುತ್ತದೆಂದು ನೋಡಿ ನಿಲ್ಲುವುದು, ಚೀಲದ ಬಾಯಿ ಕಟ್ಟುವುದು, ಸುಣ್ಣ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು, ಎಲ್ಲವೂ ಗೌರಾಬಾಯಿಯ ತಲೆಗೆ ಹತ್ತುತ್ತಿತ್ತು, ವಖಾರಿಯಲ್ಲಿ ಇಷ್ಟು ವರ್ಷ ತಂಬಾಕು ಜರಡಿ ಹಿಡಿದರೂ ಒಬ್ಬರೂ ಒಂದು ಮಾತು ಕಲಿಸಿರಲಿಲ್ಲ, ಹೇಳಿದ್ದಷ್ಟು ಮಾಡು ಎಂದಿದ್ದರು. ಮತ್ತೆ ಆ ಸೂಟು. ಮೊದಲ ಸಲ ಸೂಟು ತೊಟ್ಟು ಮಾಸ್ಕು ಹಾಕಿಕೊಂಡು ಅಭ್ಯಾಸಕ್ಕೆಂದು ರಸ್ತೆ ದಾಟುತ್ತಿದ್ದಾಗ ರಾವಸಾಹೇಬ ಬಂದಿದ್ದ, ವಖಾರಿಯ ಮಾಲಕ, ಎಲ್ಲಿ ಕಂಡರೂ ಏ ಗೌರೀ, ದಗದ ಬಿಟ್ಟ ಎಲ್ಲಿ ಹೊಂಟಿ ಎಂದು ಮೋಟಾರ್ ಸೈಕಲ್ಲಿನಿಂದಲೇ ಕೂಗುವವನು, ಅವತ್ತು ಗಾಡಿ ನಿಲ್ಲಿಸಿ ಕಾಲು ನೆಲಕ್ಕೆ ಊರಿ, ನೀವು ಯಾವ ಊರಿಂದ ಬಂದೀರಿ ಮೇಡಂ, ಈ ಹೊಲಾ ಸುದ್ದ ಆಗ್ತೈತೇನ್ರಿ ಎಂದು ಕೇಳಿದ. ಗೌರಾಬಾಯಿ ಮಾತಾಡಲಿಲ್ಲ, ಮಾತಾಡಿದರೆ ಗೊತ್ತಾಗುತ್ತಿತ್ತು, ಮೆಲ್ಲಗೆ ತಲೆ ಆಡಿಸಿದಳು, ಆಗ್ತೈತಿ ಎನ್ನುವ ಹಾಗೆ, ಅವನು ಕೈ ಮುಗಿದು ಹೋದ. ಆ ತಲೆ ಆಡಿಸಿದ್ದನ್ನು ಅವಳು ಯಾರಿಗೂ ಹೇಳಲಿಲ್ಲ, ಗಂಡ ದಶರಥನಿಗೂ ಹೇಳಲಿಲ್ಲ, ಸಂಜೆ ಒಲೆಯ ಮುಂದೆ ಬೇಳೆ ತಿರುವುತ್ತ ಇನ್ನೊಂದು ಸಲ ಹಾಗೆಯೇ ತಲೆ ಆಡಿಸಿ ನೋಡಿಕೊಂಡಳು, ಸೂಟಿನೊಳಗೆ ವಯಸ್ಸಿಲ್ಲ, ಗೌರಿ ಇಲ್ಲ, ಬಡತನದ ಗುರುತಿಲ್ಲ, ಇಷ್ಟು ದಿನ ಇದು ಎಲ್ಲಿತ್ತು.

ಆಮೇಲೆ ಶೀತಲಳಿಗೆ ರುಚಿ ಹತ್ತಿತು. ಅದು ಯಾವ ದಿನ ಹತ್ತಿತೋ ತಿಳಿಯಲಿಲ್ಲ, ಒಂದು ದಿನ ನೋಡಿದರೆ ಮೊಬೈಲು ಚೀಲದೊಳಗೆ ಹೋಗಿತ್ತು, ಮೇಡಂ ಪ್ರಶ್ನೆ ಮುಗಿಸುವ ಮೊದಲೇ ಅವಳ ಉತ್ತರ, ತಾನು ನಿನ್ನೆಯಿಂದ ನೆನಪಿಟ್ಟುಕೊಂಡು ಬಂದ ಮಾತನ್ನು ಬಾಯಿ ತೆರೆಯುವಷ್ಟರಲ್ಲಿ ಅವಳು ಅಲ್ಲಿಂದ ಎತ್ತಿಕೊಂಡು ಹೋಗಿರುತ್ತಿದ್ದಳು, ಮೇಡಂ ಮುಖ ಅರಳಿ, ಬರೋಬ್ಬರಿ ಶೀತಲ. ತನಗಾದರೆ ಹಾಂ ಮಾವಶಿ, ಹಂಗ ಅನ್ರಿ, ಅವಳಿಗಾದರೆ ಬರೋಬ್ಬರಿ. ಮತ್ತೆ ಶೀತಲ ಮೇಡಂನ ಬಾಯಿ ನೋಡುವ ರೀತಿ, ರೆಪ್ಪೆ ಬಡಿಯದೆ, ತುಟಿ ಸ್ವಲ್ಪ ತೆರೆದು, ಹಾಗೆ ತನ್ನ ಬಾಯನ್ನು ಎಂದಾದರೂ ನೋಡಿದ್ದಾಳೆಯೇ, ತಾನು ಏನು ಹೇಳಿದರೂ ಗೊತ್ತೈತಿ ಬಿಡವ್ವಾ, ನೂರ ಸಲ ಹೇಳಿದಿ, ಎಂದೇ ಅಲ್ಲವೇ, ಹೊಟ್ಟೆಯಲ್ಲಿಟ್ಟುಕೊಂಡು ಸಾಕಿದವಳಿಗೆ ಅದು, ನಿನ್ನೆ ಮೊನ್ನೆ ಬಂದವಳಿಗೆ ಇದು. ಊಟದ ಹೊತ್ತಿಗೆ ಇಬ್ಬರೂ ಒಂದೇ ಡಬ್ಬಿಯ ಮೇಲೆ ಬಗ್ಗಿ ಏನೋ ಪಿಸುಗುಟ್ಟಿ ನಗುತ್ತಿದ್ದರು, ತಾನು ಕಟ್ಟಿಕೊಟ್ಟ ಚಟ್ನಿಪುಡಿಯನ್ನೇ ಮೇಡಂ ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಿದ್ದಳು, ಭಾರಿ ಆಗೈತಿ ಶೀತಲ ಎನ್ನುತ್ತಿದ್ದಳು, ಮಾಡಿದವಳು ಕಂಬದ ಹಿಂದೆ ಕೂತು ನೋಡುತ್ತಿದ್ದಳು. ಅದರ ಮೇಲೆ ಹೆಸರಿನ ನಿಯಮ. ಮಾಸ್ಕಿನೊಳಗಿಂದ ಅವ್ವಾ ಎಂದು ಕೂಗಿದರೆ ಇದ್ದ ಹೆಂಗಸರೆಲ್ಲ ತಿರುಗಿ ನೋಡುತ್ತಾರೆ, ಅಕ್ಕಾ ಎಂದರೂ ಅದೇ ಪಾಡು, ಅದಕ್ಕೇ ಹೊಲದಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯಬೇಕು ಎಂದರು, ಸರಿಯೇ ಇದೆ, ಆದರೆ ಮೊದಲ ಸಲ ಶೀತಲ ದೂರದಿಂದ ಗೌರಾಬಾಯಿ, ಹಿಂದ ಸರೀರಿ ಎಂದಾಗ ಮೈಯೆಲ್ಲ ಜುಮ್ಮೆಂದಿತು, ಹೆಸರು ಹಿಡಿದು ಕರೆಯಲು ಅವಳ ನಾಲಗೆ ಒಂದಿಷ್ಟಾದರೂ ತಡೆಯಬೇಡವೇ, ತಡೆಯಲಿಲ್ಲ, ಹಿಂದೆ ಸರಿದು ನೋಡಿದಳು, ಮಗಳ ಮುಖದ ಗಾಜಿನ ಮೇಲೆ ಉಸಿರಿನ ಹಬೆ, ಬಂತು, ಹೋಯಿತು, ಬಂತು, ಹೋಯಿತು, ಎಷ್ಟು ನಿಧಾನ, ಎಷ್ಟು ನೆಮ್ಮದಿ, ತನ್ನ ಗಾಜಿನ ಮೇಲಿನ ಹಬೆ ಬಂದದ್ದು ಹೋಗುವುದೇ ಇಲ್ಲ, ಒಂದರ ಬೆನ್ನಿಗೆ ಒಂದು ಉಸಿರು ಹತ್ತಿ ಲೋಕವೆಲ್ಲ ಹಾಲಿನಲ್ಲಿ ಮುಳುಗಿದ ಹಾಗೆ.

ಡಾಕ್ಟರ ಗಾಡಿ ಪಂಚಾಯತಿ ಮುಂದೆ ನಿಂತ ದಿನ. ನಳಿಗೆಯಂಥದ್ದೊಂದು ಪ್ಲಾಸ್ಟಿಕ್ಕು, ಮೈಮೇಲೆ ಕೆಂಪು ಮುಳ್ಳು, ಉಸಿರು ತುಂಬಿಕೊಂಡು ಒಂದೇ ಸಲಕ್ಕೆ ಊದಬೇಕು, ಮುಳ್ಳು ಓಡಿ ಎಲ್ಲಿ ನಿಲ್ಲುತ್ತದೋ ಅಷ್ಟು ನಿಮ್ಮ ಎದೆಯ ಬಲ, ಮಾಸ್ಕಿನೊಳಗಿಂದ ಉಸಿರೆಳೆಯಲು ಅಷ್ಟು ಬಲ ಬೇಕು ಎಂದರು. ಅಕ್ಕುತಾಯಿ ಊದಿದಳು, ಆಯಿತು ಎಂದರು. ಗೌರಾಬಾಯಿ ಊದಿದಳು, ಮುಳ್ಳು ಅರ್ಧಕ್ಕೂ ಹೋಗದೆ ನಿಂತಿತು, ಇನ್ನೊಮ್ಮೆ ಊದ್ರಿ, ಊದಿದಳು, ಕೆಮ್ಮು ಬಂತು, ನೀರು ಕುಡಿದು ಮತ್ತೆ ಊದಿದಳು, ಕಣ್ಣಲ್ಲಿ ನೀರು ಬಂದರೂ ಮುಳ್ಳು ಮೊದಲಿನ ಜಾಗದಲ್ಲೇ. ಏನ ಕೆಲಸ ಮಾಡಿಕೊಂಡ ಬಂದೀರಿ, ತಂಬಾಕಿನ್ಯಾಗ್ರಿ, ಜರಡಿ ಹಿಡೀತೇನ್ರಿ, ಎಷ್ಟ ವರ್ಷಾತು, ಲಗ್ನಾ ಆದಾಗಿಂದ್ರಿ. ಡಾಕ್ಟರು ಹಾಂ ಎಂದರು, ಆ ಹಾಂ ಅನ್ನುವುದರಲ್ಲೇ ಎಲ್ಲ ಮುಗಿದಿತ್ತು. ಬೆನ್ನಿಗೇ ಶೀತಲ, ನಗುತ್ತ ಬಂದಳು, ಕೂದಲನ್ನು ಹಿಂದಕ್ಕೆ ಸರಿಸಿ ನಳಿಗೆ ಬಾಯಿಗಿಟ್ಟು ಊದಿದಳು, ಮುಳ್ಳು ಟಕ್ ಎಂದು ಕೊನೆಗೆ ಹೋಗಿ ಬಡಿಯಿತು, ಹೆಂಗಸರು ಚಪ್ಪಾಳೆ ಹೊಡೆದರು, ಇನ್ನ ಸ್ವಲ್ಪ ಉದ್ದ ಇರಬೇಕಿತ್ರಿ ಇದು ಎಂದು ಅವಳು ಡಾಕ್ಟರಿಗೇ ಚೇಷ್ಟೆ ಮಾಡಿದಳು. ಆ ಎದೆ ಎಲ್ಲಿಂದ ಬಂತು ಎಂದು ಕೇಳಬೇಕೆನಿಸಿತು ಗೌರಾಬಾಯಿಗೆ, ನಿನ್ನ ಶಾಲೆಯ ಅಂಗಿ, ಕಾಲೇಜಿನ ಬಸ್ಸು, ನೀನು ಜಡೆ ಬಿಟ್ಟು ಕೂದಲು ಕತ್ತರಿಸಿಕೊಂಡು ಬಂದ ದಿನದ ಆ ಪಾರ್ಲರು, ಅದೆಲ್ಲಕ್ಕೂ ಯಾರ ಎದೆಯೊಳಗೆ ಧೂಳು ಹೋಯಿತು, ಹೋಗಲಿ, ಹೋದದ್ದಕ್ಕೆ ದುಃಖವಿಲ್ಲ, ತಾಯಿ ಎಂದ ಮೇಲೆ ಹೋಗುತ್ತದೆ, ಆದರೆ ಟಕ್ ಎಂದಾಗ ಅವಳು ತನ್ನ ಕಡೆ ತಿರುಗಿ ನೋಡಬೇಕಿತ್ತು, ನೋಡಲಿಲ್ಲ, ಮೇಡಂ ಕಡೆ ನೋಡಿದಳು. ಆ ದಿನವೇ ಗೌರಾಬಾಯಿಗೆ ಹಗ್ಗದ ಈಚೆಯ ಕೆಲಸ, ಒಳಗಿಂದ ಬಂದವರ ಬೂಟು ಸೂಟು ತೊಳೆಯುವುದು, ಇದೂ ಭಾಳ ಮುಖ್ಯದ ಕೆಲಸ ಮಾವಶಿ, ವಿಷ ಮನೀತನಾ ಹೋಗಬಾರ್ದಲ್ಲ, ಎಂದಳು ಅಪೂರ್ವ, ಸುಳ್ಳಲ್ಲ ಅದು, ಆದರೆ ಬೂಟು ಬೂಟೇ, ರಾವಸಾಹೇಬ ಮರುದಿನ ಆ ದಾರಿಯಲ್ಲಿ ಬಂದವನು ಹಗ್ಗದ ಆಚೆಯವರಿಗೆ ಕೈ ಮುಗಿದು, ಈಚೆ ತಿರುಗಿ, ಏ ಗೌರೀ, ಭಾಂಡಿ ತಿಕ್ಕೂ ದಗದ ಹಿಡದೇನ ಎಂದ.

ಆಮೇಲೆ ಅಪೂರ್ವ ಒಂದು ದಿನ ಬೇವಿನ ಮರದ ಕೆಳಗೆ ಕರೆದು ಕೂರಿಸಿದಳು. ಮಾವಶಿ, ಶೀತಲಗ ಮುಂದಿನ ತರಬೇತಿಗೆ ಹುಬ್ಬಳ್ಳಿಗೆ ಕಳಸಬೇಕಂತ ಐತ್ರಿ, ಅಲ್ಲಿ ಕಲತ್ರ ಆಕಿನ ರಾಯಬಾಗ, ಚಿಕ್ಕೋಡಿ, ಶಿರಗುಪ್ಪಿ, ಎಲ್ಲಿ ಇಂಥಾ ನೆಲಾ ಐತಿ ಅಲ್ಲಿ ಹೋಗಿ ಮಂದಿಗೆ ಕಲಸ್ತಾಳ, ಆಕಿ ಹೋದ್ರ ತರಬೇತಿ ಮುಗದ ಮ್ಯಾಲ ಇಲ್ಲಿ ನಿಮ್ಮ ಮನೀ ಪಾಲಿಂದು ಕೆಲಸ, ಈ ತೊಳಿಯೂ ಕೆಲಸ, ನಿಮಗ ಉಳೀತೈತಿ, ಆಕಿಗೆ ಇನ್ನೂ ಹೇಳಿಲ್ಲ, ಮೊದಲ ನಿಮ್ಮನ್ನ ಕೇಳಬೇಕಲ್ರಿ. ಎರಡು ಕಡೆಯಿಂದಲೂ ಒಳ್ಳೆಯದು, ಮಗಳಿಗೂ ಕೆಲಸ, ತನಗೂ ಕೆಲಸ, ಲೆಕ್ಕ ಹಾಕಿದರೆ ಬೇಡವೆನ್ನಲು ಏನೂ ಇರಲಿಲ್ಲ, ಆದರೂ ಗೌರಾಬಾಯಿಗೆ ಆ ಹೊತ್ತಿಗೆ ಕಂಡದ್ದು ಕೆಲಸವಲ್ಲ, ಯಾವುದೋ ಊರಿನ ಯಾವುದೋ ದೊಡ್ಡ ಕೋಣೆ, ಅಲ್ಲಿ ಮಗಳು ಹುಬ್ಬು ಗಂಟು ಹಾಕಿಕೊಂಡು ನಿಂತಿದ್ದಾಳೆ, ಯಾರೋ ಹೆಂಗಸರು ರೆಪ್ಪೆ ಬಡಿಯದೆ ಅವಳ ಬಾಯಿ ನೋಡುತ್ತಿದ್ದಾರೆ, ಗಾಜಿನ ಮೇಲೆ ಹಬೆ ಬರುತ್ತದೆ, ಹೋಗುತ್ತದೆ, ಎಷ್ಟು ನೆಮ್ಮದಿ. ಆಕೀದು ಲಗ್ನಾ ಐತ್ರಿ, ಎಂದುಬಿಟ್ಟಳು. ಎಂದ ಮೇಲೆಯೇ ತಾನು ಎಂದದ್ದು ತನಗೆ ಕೇಳಿಸಿತು. ಹೌದೇನ್ರಿ, ಆಕಿ ಏನೂ ಹೇಳಿಲ್ಲಲ್ಲ, ಎಂದಳು ಅಪೂರ್ವ. ಹೆಣ್ಣ ಹುಡುಗಿ ತನ್ನ ಬಾಯಿಂದ ಹೆಂಗ ಹೇಳತಾಳ್ರಿ, ದೀಪಾವಳಿ ಆದ ಮ್ಯಾಲ, ಅವರಿಗೆ ಇಂಥಾ ತಿರುಗೂ ಕೆಲಸ ಒಪ್ಪಿಗಿಲ್ರಿ, ಎಂದಳು ಗೌರಾಬಾಯಿ, ಮಾತಿನ ಬೆನ್ನಿಗೆ ಮಾತು ತಾನಾಗಿ ಬಂತು, ತಾಯಿಯ ಮಾತು, ಊರಿನ ಯಾವ ತಾಯಿಯಾದರೂ ಆಡುವ ಮಾತು, ಯಾರೂ ಅದರ ಒಳಗೆ ಕೈ ಹಾಕಿ ನೋಡುವುದಿಲ್ಲ. ಅಪೂರ್ವಳ ಮುಖ ಇಳಿಯಿತು, ಆ ಇಳಿದ ಮುಖ ಕಂಡು ಎಷ್ಟು ಸುಖವಾಯಿತು, ಬೇಸಿಗೆಯಲ್ಲಿ ಕೊಡದ ನೀರು ಗಟಗಟ ಕುಡಿದ ಹಾಗೆ, ಅಷ್ಟು ಸುಖ ಈಚೆಗೆ ಯಾವುದರಲ್ಲೂ ಆಗಿರಲಿಲ್ಲ.

ಆದರೆ ಇಲ್ಲದ ಲಗ್ನ ಎಷ್ಟು ದಿನ ನಿಲ್ಲುತ್ತದೆ. ಅಂದೇ ಸಂಜೆ ಚಿಂಚಲಿಗೆ ಫೋನು ಹಚ್ಚಿದಳು, ಅಲ್ಲಿಗೆ ಕೊಟ್ಟ ಗಂಡನ ಅಕ್ಕ ದುಂಡವ್ವನಿಗೆ, ಅಕ್ಕಾ, ನಮ್ಮ ಶೀತಲಗ ಎಲ್ಯಾರ ನೋಡ್ರಿ, ಲಗೂನ ನೋಡ್ರಿ. ದುಂಡವ್ವ ಇಂಥ ಮಾತಿಗೇ ಕಾದವಳು, ವಾರ ಕಳೆಯುವುದರೊಳಗೆ ಹುಡುಗನನ್ನೂ ಅವನ ತಾಯಿಯನ್ನೂ ಕರೆದುಕೊಂಡು ಬಂದಳು, ಶಿವರಾಜ ಎಂದು ಹೆಸರು, ಎಮ್ಮೆ ಕಟ್ಟಿದ್ದಾರೆ, ಕಬ್ಬಿದೆ, ಹುಡುಗ ಕೆಟ್ಟವನಲ್ಲ, ಅದೇ ಇನ್ನೂ ಸಂಕಟ, ಕೆಟ್ಟವನಾಗಿದ್ದರೆ ತಾನೇ ಬೇಡ ಎಂದು ಎಲ್ಲವನ್ನೂ ಅಲ್ಲಿಗೇ ಮುಗಿಸಬಹುದಿತ್ತು. ದಶರಥ ಕಬ್ಬಿನ ಟ್ರ್ಯಾಕ್ಟರು ಬಿಟ್ಟು ಬಂದು ಹೊಸ ಟೊಪ್ಪಿಗೆ ಹಾಕಿಕೊಂಡು ಕೂತ, ಹಲ್ಲು ಕಾಣುವ ಹಾಗೆ ನಕ್ಕ. ಶೀತಲ ಚಹಾ ತಂದಿಟ್ಟಳು, ಯಾರನ್ನೂ ನೋಡಲಿಲ್ಲ, ತಾಯಿಯನ್ನು ಮಾತ್ರ ಒಮ್ಮೆ ನೋಡಿದಳು, ಏನಿದು ಎಂದು ಕೇಳುವ ನೋಟ, ಗೌರಾಬಾಯಿ ಚುರುಮುರಿಯ ತಟ್ಟೆಯನ್ನು ಬೀಗರ ಕಡೆ ಸರಿಸಿದಳು. ಮಣ್ಣ ಹೊರೂ ಕೆಲಸ ಇನ್ನ ಸಾಕವ್ವಾ, ನಮ್ಮ ಮನ್ಯಾಗ ಹೊರಾಗಿನ ಕೆಲಸಿಲ್ಲ, ಎಂದಳು ಹುಡುಗನ ತಾಯಿ ಪ್ರೀತಿಯಿಂದಲೇ, ಆ ಮಾತಿಗೆ ಶೀತಲಳ ಭುಜ ಸ್ವಲ್ಪ ಕೆಳಗಿಳಿಯಿತು, ಸ್ವಲ್ಪವೇ, ಬೇರೆ ಯಾರಿಗೂ ಕಾಣದಷ್ಟು, ತನಗೆ ಕಂಡಿತು, ಕಂಡು ಎದೆಯೊಳಗೆ ಏನೋ ತಣ್ಣಗಾಯಿತು, ಮತ್ತೆ ಆ ತಂಪಿನ ಕೆಳಗೇ ಏನೋ ಸುಟ್ಟಿತು. ಅವರು ಹೂಂ ಎಂದು ಹೋದ ಮೇಲೆ ಇಷ್ಟ ಲಗೂನ ಯಾಕವ್ವಾ ಎಂದು ಕೇಳಿದಳು ಶೀತಲ, ವಯಸ್ಸಾತಲ್ಲ ಎಂದಳು ತಾನು, ನಾ ಕಲ್ಯಾಕತ್ತೇನಿ ಎಂದಳು, ಕಲತದ್ದು ಎಲ್ಲೂ ಹೋಗೂದಿಲ್ಲ ಎಂದಳು ತಾನು, ಎಲ್ಲ ಮಾತಿಗೂ ಉತ್ತರವಿತ್ತು, ತಾಯಿಯಾದವಳಿಗೆ ಉತ್ತರಗಳಿಗೆ ಬರವಿಲ್ಲ. ಅಂದಿನಿಂದ ಶೀತಲ ಮನೆಯಲ್ಲಿ ಮಾತು ಕಡಿಮೆ ಮಾಡಿದಳು, ಹೊಲದಲ್ಲಿ ಮಾತ್ರ ಅದೇ ಕೈ, ಅದೇ ಧ್ವನಿ, ಅದೇ ನಡಿಗೆ, ಇನ್ನಷ್ಟು ಚುರುಕು, ಮುಗಿದುಹೋಗುವುದೆಂದು ಗೊತ್ತಾದ ಹಬ್ಬದ ಹಾಗೆ.

ಅಗೋ, ಮುಗಿಸಿದರು, ಬರುತ್ತಿದ್ದಾರೆ. ಒಬ್ಬೊಬ್ಬರಾಗಿ ತಾಡಪತ್ರಿಗೆ ಬಂದು ಕಾಲು ಎತ್ತಿ ಕೈ ಚಾಚಿ ತೊಳೆಸಿಕೊಂಡು, ಸೂಟು ಬಿಚ್ಚಿಟ್ಟು, ಮರದ ಕೆಳಗೆ ಚಹಾಕ್ಕೆ ಹೋದರು, ಅಕ್ಕುತಾಯಿ ಯಾರದೋ ಮಾತಿಗೆ ನಗುತ್ತಿದ್ದಾಳೆ, ಅಪೂರ್ವ ಮಣ್ಣಿನ ಡಬ್ಬಿಗಳನ್ನು ಗಾಡಿಗೆ ಏರಿಸುತ್ತಿದ್ದಾಳೆ. ಮುಂದಾಳು ಎಲ್ಲರ ಕೊನೆಗೆ ಬರಬೇಕೆಂಬುದು ನಿಯಮ. ಶೀತಲ ಬಂದಳು. ತಾಡಪತ್ರಿಯ ಮೇಲೆ ಕಾಲು ಅಗಲಿಸಿ ಎರಡೂ ಕೈ ಚಾಚಿ ನಿಂತಳು, ಗೌರಾಬಾಯಿ ಬಗ್ಗಿ ಅವಳ ಬೂಟು ತಿಕ್ಕತೊಡಗಿದಳು, ಮಗಳ ಕಾಲು ತೊಳೆಯುವ ತಾಯಿ, ಲಗ್ನದಲ್ಲಿ ತೊಳೆಯುವುದು ಅಳಿಯನ ಕಾಲು, ಇದು ಯಾವ ಶಾಸ್ತ್ರ, ನೊರೆ, ಆ ಬಣ್ಣ, ಇನ್ನಷ್ಟು ನೊರೆ. ಗೌರಾಬಾಯಿ, ಬಲಗಾಲ ಹಿಂಬದಿ ಉಳೀತ್ರಿ, ಎಂದಿತು ಮಾಸ್ಕಿನೊಳಗಿನ ಧ್ವನಿ. ತಿಕ್ಕಿದಳು. ಮೊಣಕಾಲು, ಸೊಂಟ, ತೋಳು, ಮಣಿಕಟ್ಟಿನ ಟೇಪು, ತೋಳು ತೊಳೆಯಲು ಎದ್ದು ನಿಂತಾಗ ಮುಖ ಎದುರಿಗೇ ಬಂತು, ಗಾಜಿನ ಮೇಲೆ ಹಬೆ, ಬಂತು, ಹೋಯಿತು, ಹಬೆ ಬಂದಾಗ ಮಗಳು ಇಲ್ಲ, ಹೋದಾಗ ಮಗಳು ಇದ್ದಾಳೆ. ಅವ್ವಾ, ಎಂದಿತು ಧ್ವನಿ. ಹೊಲದಲ್ಲಿ ಆ ಮಾತು ಕೇಳಿ ಎಷ್ಟು ದಿನವಾಗಿತ್ತು, ಬ್ರಶ್ಶು ಹಿಡಿದ ಕೈ ನಿಂತಿತು. ಮೇಡಂ ನನಗ ಹುಬ್ಬಳ್ಳಿಗೆ ಕಳಸಾಕ ನಿಂತಿದ್ರಂತ, ಲಗ್ನಾ ಐತಿ ಅಂತ ನೀ ಹೇಳಿದಿ ಅಂತ ಬಿಟ್ರಂತ, ಇವತ್ತ ಮುಂಜಾನೆ ಹೇಳಿದ್ರು. ಹಬೆ ಬಂತು, ಹೋಯಿತು. ಚಿಂಚಲಿಯವರು ಬಂದದ್ದು ಅದಾದ ಮ್ಯಾಲ, ಅವರು ಬರೂಕಿಂತ ಮೊದಲ ಯಾವ ಲಗ್ನಾ ಇತ್ತವ್ವಾ. ಕೇಳಿದ್ದು ಅಷ್ಟೇ, ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಎಷ್ಟು ಸಲೀಸಾಗುತ್ತಿತ್ತು.

ಉತ್ತರಗಳು ಬಾಯಿಯ ಹತ್ತಿರಕ್ಕೆ ಬಂದು ಸಾಲಾಗಿ ನಿಂತವು, ಎಲ್ಲ ತಾಯಿಯ ಉತ್ತರಗಳು, ಒಬ್ಬಳೇ ದೂರದ ಊರಿಗೆ ಹೋಗುವುದು ಬೇಡವೆಂದು, ಜನ ಏನೆಂದಾರು ಎಂದು, ನಿನ್ನಪ್ಪನಿಗೆ ಕಷ್ಟವಾದೀತೆಂದು, ಒಂದೊಂದೂ ತೊಳೆದಿಟ್ಟ ಬೂಟಿನಷ್ಟು ಚೊಕ್ಕ, ಯಾವುದನ್ನು ತೆಗೆದುಕೊಟ್ಟರೂ ಶೀತಲ ನಂಬುತ್ತಾಳೆ, ನಂಬಲಿಕ್ಕೇ ನಿಂತಿದ್ದಾಳೆ ಹುಡುಗಿ, ಹಾಗೆ ಕೈ ಚಾಚಿಕೊಂಡು. ನಾ ಹೊಂಟೇನಿ ಅವ್ವಾ, ಎಂದಳು ಶೀತಲ, ಮೇಡಂಗ ಹೂಂ ಅಂದೇನಿ, ಅಪ್ಪಗ ಫೋನ್ ಮಾಡೇನಿ, ಚಿಂಚಲಿಯವರಿಗೆ ಅಪ್ಪನ ಹೇಳ್ತಾನ, ಹೋಗೂದು ಹೋಗ್ತೇನಿ, ಯಾಕ ಹಂಗ ಮಾಡಿದಿ ಅನ್ನೂದಷ್ಟ ಹೇಳು. ಹೋಗುತ್ತಾಳೆ. ಹಾಗಾದರೆ ಮುಗಿಯಿತು, ತಾನು ಕಟ್ಟಿದ್ದೆಲ್ಲ ಸುಮ್ಮನೆ ಕಟ್ಟಿದ ಹಾಗಾಯಿತು, ಶಿವರಾಜನ ತಾಯಿ ತಿಂದು ಹೋದ ಚುರುಮುರಿಯೂ ಸುಮ್ಮನೆ, ದಶರಥ ಏನೆಂದನೋ, ಸಂಜೆ ಮನೆಗೆ ಬಂದು ತನ್ನ ಮುಖ ನೋಡುತ್ತಾನೆ, ದುಂಡವ್ವ ಇನ್ನು ಜನ್ಮದಲ್ಲಿ ಮಾತಾಡಿಸುವುದಿಲ್ಲ — ಆದರೆ ಅದ್ಯಾವುದೂ ಈಗ ಮೈಗೆ ತಾಗಲಿಲ್ಲ, ಹೋಗುತ್ತಾಳೆಂದಾಗ ಹೊಟ್ಟೆಯೊಳಗಿನ ಆ ಉರಿ ಮತ್ತೊಮ್ಮೆ ಎದ್ದಿತಲ್ಲ, ಅದೇ ತಾಗಿತು, ಸೋತ ಮೇಲೂ ಎದ್ದಿತು, ಇನ್ನು ಬಚ್ಚಿಡಲು ಏನೂ ಉಳಿದಿಲ್ಲದಾಗಲೂ ಎದ್ದಿತು. ಮಾಸ್ಕು ಎಲ್ಲಕ್ಕಿಂತ ಕೊನೆಗೆ ತೆಗೆಯುವುದು, ತೊಳೆದವರೇ ಎದುರು ನಿಂತು ಪಟ್ಟಿ ಬಿಡಿಸಿ ತೆಗೆಯಬೇಕು, ಶೀತಲ ಸೂಟು ಬಿಚ್ಚಿಟ್ಟು ತಲೆ ಬಗ್ಗಿಸಿದಳು, ಜಡೆ ಹಾಕಿಸಿಕೊಳ್ಳಲು ಬಗ್ಗಿಸುತ್ತಿದ್ದಳಲ್ಲ, ಹಾಗೆಯೇ, ಗೌರಾಬಾಯಿ ಎರಡೂ ಕೈ ಚಾಚಿ ಅವಳ ತಲೆಯ ಹಿಂದಿನ ಪಟ್ಟಿ ಹಿಡಿದಳು, ಈಗ ಇಬ್ಬರ ಮುಖದ ನಡುವೆ ಗಾಜು ಮಾತ್ರ, ಹಬೆ ಬಂತು, ಹೋಯಿತು.

ನಿನ್ನ ಕಂಡ್ರ ನಂಗ ಹೊಟ್ಟಿಕಿಚ್ಚ ಆಗ್ತೈತಿ ಶೀತಲಾ, ಎಂದಳು ಗೌರಾಬಾಯಿ. ನಿನ್ನ ಉಸರ ಕಂಡ್ರ.

ಮರದ ಕೆಳಗೆ ಯಾರೋ ಚಹಾದ ಲೋಟ ತೊಳೆದು ನೀರು ಚೆಲ್ಲಿದರು. ಪಟ್ಟಿ ಬೆರಳಿಗೆ ಸಿಕ್ಕಿದೆ, ಎಳೆದರೆ ಬಿಚ್ಚುತ್ತದೆ, ಎಳೆಯಲಾಗುತ್ತಿಲ್ಲ. ಗಾಜಿನ ಆಚೆ ಮಗಳ ಮುಖ, ಹುಬ್ಬಿನ ಮೇಲೆ ಬೆವರು, ಮೂಗಿನ ಮಗ್ಗುಲಲ್ಲಿ ಪಟ್ಟಿ ಒತ್ತಿದ ಕೆಂಪು ಗೆರೆ, ತುಟಿ ಸ್ವಲ್ಪ ತೆರೆದಿದೆ, ರೆಪ್ಪೆ ಬಡಿಯುತ್ತಿಲ್ಲ, ಎಲ್ಲ ಕಾಣುತ್ತಿದೆ, ಎಂದೂ ಇಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ, ಯಾಕೆ ಇಷ್ಟು ಸ್ಪಷ್ಟ, ಹಬೆ ಇಲ್ಲ, ಹೋದದ್ದು ತಿರುಗಿ ಬಂದಿಲ್ಲ, ಹುಡುಗಿ ಉಸಿರು ಹಿಡಿದಿದ್ದಾಳೆ, ಬಿಡು ಶೀತಲಾ, ಗಾಜು ಚೊಕ್ಕ ಇದೆ, ಒಂದು ಚುಕ್ಕೆ ಹಬೆಯೂ ಇಲ್ಲ, ಬಿಡು, ಗಾಜು ಚೊಕ್ಕ, ಗಾಜು —